ಎಂಬತ್ತೇಳನೆಯ ಬಾಬತ್ತು

2019ನೆಯ ಇಸವಿ ಮಾರ್ಚ್ ತಿಂಗಳ 25ನೆಯ ತಾರೀಖು, ಸೋಮವಾರ. ಚಳಿ ಕಾಲ್ತೆಗೆದಿತ್ತು, ಬೇಸಿಗೆ ಇನ್ನೂ ಸರಿಯಾಗಿ ಬಂದು ಕೂತಿರಲಿಲ್ಲ. ಬೆಳಗಿನಿಂದ ಒಣಗಾಳಿ ಬೀಸಿ ಮೈದಾನದ ಧೂಳೆಲ್ಲ ಶಾಲೆಯ ಮೊಗಸಾಲೆಗೆ ಬಂದು ಬಿದ್ದಿತ್ತು. ಗಂಡುಮಕ್ಕಳ ಆ ಶಾಲೆಯ ಮುಂಬಾಗಿಲ ಮೇಜಿನ ಹಿಂದೆ 1983ರ ಜೂನ್ 6ರಿಂದ ಕುಳಿತಿದ್ದ ಸ್ವಾಗತಕಾರಿಣಿ ಅಂದು ಅಲ್ಲಿರಲಿಲ್ಲ. ಹಳೆಯ ಕಡತಗಳ ಕೋಣೆಯಲ್ಲಿ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಕಬ್ಬಿಣದ ಬೀರುವಿನ ಮುಂದೆ ಮಂಡಿಯೂರಿ ಕುಳಿತಿದ್ದರು. ಅವರ ನಿವೃತ್ತಿಯ ದಿನ 31, ಅದು ಭಾನುವಾರ. ಶನಿವಾರ ಶಾಲೆಗೆ ರಜೆ. ಹಾಗಾಗಿ ಕೆಲಸದ ಕೊನೆಯ ದಿನ ಶುಕ್ರವಾರ, 29. ಅಷ್ಟರೊಳಗೆ ತಮ್ಮ ವಶದಲ್ಲಿದ್ದ ಪ್ರತಿಯೊಂದು ಪುಸ್ತಕ, ಬೀಗ, ಮುದ್ರೆ, ಗಂಟೆಯ ಹಗ್ಗವನ್ನೂ ಪಟ್ಟಿ ಮಾಡಿ ಹೊಸಬಳಿಗೆ ಒಪ್ಪಿಸಬೇಕಿತ್ತು. ಆ ಪಟ್ಟಿಗೆ ಪ್ರಭಾರ ಪಟ್ಟಿ ಎನ್ನುತ್ತಾರೆ.

ಹುಡುಗರು ಅವರನ್ನು ಕರೆಯುತ್ತಿದ್ದುದು ಚೀಟಿ ಮೇಡಂ ಎಂದು. ತಡವಾಗಿ ಬಂದವನಿಗೂ ಚೀಟಿ, ಬೇಗ ಹೋಗುವವನಿಗೂ ಚೀಟಿ, ಮೂಗಿನಲ್ಲಿ ರಕ್ತ ಬಂದವನಿಗೂ ಚೀಟಿ. ಚೀಟಿ ಬರೆಯುವ ಮುಂಚೆ ಮೂರು ಪ್ರಶ್ನೆ: ನಿನ್ನ ಹೆಸರೇನು, ನಿಮ್ಮಪ್ಪನ ಹೆಸರೇನು, ಮನೆ ಯಾವ ಬೀದಿ. ಐದು ವರ್ಷ ದಿನವೂ ಎದುರು ಹಾದುಹೋದ ಹುಡುಗನಿಗೂ ಅದೇ ಮೂರು ಪ್ರಶ್ನೆ. "ನಿಮಗೆ ಗೊತ್ತಲ್ಲ ಮೇಡಂ!" ಎಂದು ಯಾರಾದರೂ ಹಲ್ಲು ಕಿರಿದರೆ, "ಗೊತ್ತು. ಆದರೂ ಹೇಳು" ಎನ್ನುತ್ತಿದ್ದರು. ಈ ಪ್ರಶ್ನೆಗಳು ಶುರುವಾದದ್ದು 1998ರ ಜುಲೈ 24ರಿಂದ. ಅದರ ಹಿಂದಿನ ದಿನ ಆಗಿಹೋದದ್ದರ ಸಿಟ್ಟು ಅವರ ಹೊಟ್ಟೆಯಲ್ಲಿ ಇಪ್ಪತ್ತು ವರ್ಷ ಎಂಟು ತಿಂಗಳು ಆರದೆ ಉಳಿದಿತ್ತು.

ಬೀರುವಿನ ತಳದಲ್ಲಿ, ಯಾವ ಕಾಲದ್ದೋ ಹರಿದ ಚೆಂಡಿನ ಬಲೆಯ ಕೆಳಗೆ, ರಟ್ಟು ಕಿತ್ತ ಒಂದು ಉದ್ದನೆಯ ಪುಸ್ತಕ ಸಿಕ್ಕಿತು. ಧೂಳು ಒರೆಸಿ ಓದಿದರು: ಸುತ್ತೋಲೆ ಪುಸ್ತಕ, 1998–99.

ಕರವಸ್ತ್ರ ಮೂಗಿನಿಂದ ಜಾರಿದ್ದೂ ಅವರಿಗೆ ತಿಳಿಯಲಿಲ್ಲ.

ಆ ಶಾಲೆಯಲ್ಲಿ ಆಗ ಒಬ್ಬ ಮುಖ್ಯೋಪಾಧ್ಯಾಯರಿದ್ದರು. ಶಿಸ್ತಿನ ಮನುಷ್ಯ ಎಂದು ಊರೆಲ್ಲ ಹೊಗಳುತ್ತಿತ್ತು. ಹಸಿರು ಶಾಯಿಯಲ್ಲಿ ಬರೆಯುವ ಹಕ್ಕು ಶಾಲೆಯಲ್ಲಿ ಅವರೊಬ್ಬರಿಗೇ. ಒಂದೇ ಹೆಸರಿನ ಹುಡುಗರು ನಾಲ್ಕೈದು ಮಂದಿ ಇದ್ದು ಗೊಂದಲವಾಗುತ್ತದೆಂದು 1996ರಲ್ಲಿ ಅವರೊಂದು ನಿಯಮ ತಂದರು: ಇನ್ನು ಮೇಲೆ ಯಾವ ವ್ಯವಹಾರಕ್ಕೂ ಹೆಸರು ಬೇಡ, ತರಗತಿ ಮತ್ತು ಕ್ರಮಸಂಖ್ಯೆ ಸಾಕು. ಆ ಸಂಖ್ಯೆ ಹುಡುಗನ ದಿನಚರಿಯ ಮೊದಲ ಪುಟದಲ್ಲಿ ಬರೆದಿರುತ್ತಿತ್ತು. ಪೋಷಕರು ಫೋನ್ ಮಾಡಿ ಹೆಸರು ಹೇಳಹೋದರೆ "ನಂಬರು ಹೇಳಿ" ಎಂದು ತಡೆಯಬೇಕು. ಸ್ವಾಗತಕಾರಿಣಿಗೆ ಇದು ಸರಿಬರಲಿಲ್ಲ. ಆದರೂ ಮಾಡಿದರು.

1998ರ ಜುಲೈ ಮೊದಲ ವಾರದಲ್ಲಿ ಏಳನೆಯ ತರಗತಿ ಬಿ ವಿಭಾಗದ ಹನ್ನೆರಡನೆಯ ಸಂಖ್ಯೆಯ ಹುಡುಗ ಶಾಲೆ ಬಿಟ್ಟ. ಹಾಜರಿ ಪುಸ್ತಕದಲ್ಲಿ ಖಾಲಿ ಸಾಲು ಇರುವುದು ಮುಖ್ಯೋಪಾಧ್ಯಾಯರ ಕಣ್ಣಿಗೆ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿತ್ತಂತೆ. ಜುಲೈ 13, ಸೋಮವಾರ, ಸುತ್ತೋಲೆ ಹೊರಡಿಸಿದರು: ಹನ್ನೆರಡರಿಂದ ಕೆಳಗಿನವರೆಲ್ಲ ಒಂದೊಂದು ಸಂಖ್ಯೆ ಮೇಲಕ್ಕೆ ಸರಿಯಬೇಕು. ಪುಸ್ತಕವನ್ನು ಜವಾನ ಕೋಣೆ ಕೋಣೆಗೂ ಒಯ್ದ, ಶಿಕ್ಷಕರೆಲ್ಲ ಸಹಿ ಹಾಕಿದರು. ಮುಂಬಾಗಿಲ ಮೇಜಿಗೆ ಅದು ಬರಲಿಲ್ಲ. ಹುಡುಗರ ದಿನಚರಿಯಲ್ಲಿ ಹಳೆಯ ಸಂಖ್ಯೆಯೇ ಉಳಿಯಿತು.

ಹತ್ತು ದಿನದ ಮೇಲೆ, ಗುರುವಾರ, ಬೆಳಗ್ಗೆ ಹತ್ತೂ ನಲವತ್ತಕ್ಕೆ (ಹನ್ನೊಂದು ಎಂದು ಹೇಳುವವರಿದ್ದಾರೆ, ಅದು ತಪ್ಪು) ಆಸ್ಪತ್ರೆಯ ನಾಣ್ಯದ ಫೋನಿನಿಂದ ಒಬ್ಬರು ಮಾತಾಡಿದರು. ಹುಡುಗನ ಸೋದರಮಾವ. ಕೈಯಲ್ಲಿದ್ದ ದಿನಚರಿ ನೋಡಿಕೊಂಡು, ಅಳು ತಡೆದುಕೊಂಡು ಹೇಳಿದರು: "ಏಳನೇ ಬಿ, ಮೂವತ್ತೊಂದು. ಅವರಪ್ಪ ಹೋಗ್ಬಿಟ್ರು. ಮಗೂನ ಯಾರ ಜೊತೆಗಾದರೂ ಮನೆಗೆ ಕಳಿಸಿಕೊಡಿ. ಎರಡೂವರೆಗೆ ಎತ್ತುತ್ತಾರೆ." ನಾಣ್ಯ ಮುಗಿದು ಫೋನು ಕಡಿದುಹೋಯಿತು. ಸ್ವಾಗತಕಾರಿಣಿ ಚೀಟಿ ಬರೆದರು: 7ಬಿ, 31. ಬಂದವನು ಹೊಸ ಮೂವತ್ತೊಂದು, ಅಂದರೆ ನಿನ್ನೆಮೊನ್ನೆಯವರೆಗಿನ ಮೂವತ್ತೆರಡು. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೈ ಹಿಡಿದುಕೊಂಡು, ತಿಳಿಯಬೇಕಾದ್ದನ್ನು ತಿಳಿಸಿ, ಜವಾನನ ಜೊತೆ ಗಾಡಿ ಹತ್ತಿಸಿದರು. ಹೆಸರು ಕೇಳಲಿಲ್ಲ. ಇದು ತಮ್ಮ ತಪ್ಪು ಎಂದು ಅವರು ಅಂದೂ ಒಪ್ಪಿದ್ದರು, ಎಂದೂ ಅಲ್ಲಗಳೆದಿರಲಿಲ್ಲ.

ಹುಡುಗ ತೋರಿಸಿದ ದಾರಿಯಲ್ಲಿ ಜವಾನ ಅವನನ್ನು ಅವನದೇ ಮನೆಗೆ ಮುಟ್ಟಿಸಿದ. ಕದ ತಟ್ಟಿದರೆ, ರಾತ್ರಿಪಾಳಿ ಮುಗಿಸಿ ಮಲಗಿದ್ದ ಲಾರಿ ಚಾಲಕನೊಬ್ಬ ಬನಿಯನ್ನಿನಲ್ಲಿ ಕಣ್ಣುಜ್ಜಿಕೊಂಡು ಬಾಗಿಲು ತೆರೆದ. ಸತ್ತ ಅಪ್ಪ! ಹುಡುಗ ಕಿಟಾರನೆ ಕಿರುಚಿ ಬೀದಿಗೆ ಓಡಿದ.

ಮುಂದೆ ಇಪ್ಪತ್ತು ವರ್ಷ ಶಾಲೆಯವರು ನಕ್ಕಿದ್ದು ಇಷ್ಟಕ್ಕೆ. ಇನ್ನರ್ಧ ಕಥೆಯನ್ನು ಯಾರೂ ಹೇಳುತ್ತಿರಲಿಲ್ಲ.

ಜವಾನ ಹಿಂದಿರುಗಿದ್ದು ಹನ್ನೆರಡೂ ಇಪ್ಪತ್ತಕ್ಕೆ. ಹನ್ನೆರಡೂ ಮುಕ್ಕಾಲರ ಹೊತ್ತಿಗೆ ಸ್ವಾಗತಕಾರಿಣಿ ತರಗತಿಯ ಶಿಕ್ಷಕರನ್ನು ಕಂಡು ಸಂಖ್ಯೆ ಬದಲಾದದ್ದನ್ನು ತಿಳಿದು, ನಿಜವಾದ ಹುಡುಗ ಯಾರೆಂದು ಪತ್ತೆ ಮಾಡಿಯಾಗಿತ್ತು. ಮುಖ್ಯೋಪಾಧ್ಯಾಯರ ಕೋಣೆಗೆ ಓಡಿದರು. "ಸರ್, ಈಗ ಕಳಿಸಿದರೂ ಅಪ್ಪನ ಮುಖ ನೋಡ್ತಾನೆ." ಅವರು ತಲೆ ಎತ್ತದೆ ಹೇಳಿದರು: "ಇವತ್ತಿಗೆ ಒಂದು ಅವಾಂತರ ಸಾಕು. ಮನೆಯವರಿಂದ ಬರೆದ ಕಾಗದ ಬರೋವರೆಗೆ ಯಾರನ್ನೂ ಕರೀಕೂಡದು. ಹೋಗಿ."

ಅವರು ಹೋದರು. ಹೇಳಿದಂತೆ ಕೇಳಿದರು. ಮೂರೂ ಐವತ್ತಕ್ಕೆ ಶಾಲೆ ಬಿಟ್ಟಿತು. ಆ ಹುಡುಗ ಮೇಜಿನ ಪಕ್ಕದ ಡಬ್ಬದಿಂದ ತನ್ನ ಕೊಡೆ ತೆಗೆದುಕೊಂಡು, "ಇವತ್ತು ಡ್ರಾಯಿಂಗಲ್ಲಿ ಹೂಜಿ ಬರೆದೆ ಮೇಡಂ, ಹತ್ತಕ್ಕೆ ಒಂಬತ್ತು!" ಎಂದು ನಕ್ಕು ಹೊರಟ. ಸ್ವಾಗತಕಾರಿಣಿ ಮಳೆಯ ನೆಪ ಹೇಳಿ ಜವಾನನನ್ನು ಜೊತೆಗೆ ಅಟ್ಟಿದರು. ಇಬ್ಬರೂ ಮನೆ ತಲುಪಿದಾಗ ಜನ ಸ್ಮಶಾನದಿಂದ ಹಿಂದಿರುಗುತ್ತಿದ್ದರು.

ಜುಲೈ 27, ಸೋಮವಾರ, ಹಸಿರು ಶಾಯಿಯಲ್ಲಿ ಮೆಮೊ ಬಂತು: "ಕರ್ತವ್ಯದಲ್ಲಿ ತೀವ್ರ ಅಜಾಗರೂಕತೆ." ಮರುದಿನವೇ ಅವರು ಉತ್ತರ ಬರೆದರು: ಸಂಖ್ಯೆ ಬದಲಾದ ಸುತ್ತೋಲೆ ನನಗೆ ಬಂದಿಲ್ಲ, ಪುಸ್ತಕ ತೆಗೆದು ನೋಡಬೇಕು. ಪುಸ್ತಕ ಸಿಗುತ್ತಿಲ್ಲ ಎಂದು ಹಿಂಬರಹ ಬಂತು. ಮೆಮೊ ಅವರ ಸೇವಾ ಪುಸ್ತಕದ ಹನ್ನೊಂದನೆಯ ಪುಟಕ್ಕೆ ಅಂಟಿಕೊಂಡಿತು. 2004ರಲ್ಲಿ ಕಚೇರಿ ಅಧೀಕ್ಷಕರ ಹುದ್ದೆ ಖಾಲಿಯಾದಾಗ ಅದನ್ನೇ ತೋರಿಸಿ, ಆರು ವರ್ಷ ಕಿರಿಯನೊಬ್ಬನನ್ನು ಅಲ್ಲಿ ಕೂರಿಸಿದರು. ಮುಖ್ಯೋಪಾಧ್ಯಾಯರು 2007ರಲ್ಲಿ ನಿವೃತ್ತರಾಗಿ, 2010ರಲ್ಲಿ ಆಡಳಿತ ಮಂಡಳಿಯ ಕಾರ್ಯದರ್ಶಿಯಾಗಿ ಮರಳಿ ಬಂದರು. ವರ್ಷವರ್ಷವೂ ಸಿಬ್ಬಂದಿಯ ಸಭೆಯಲ್ಲಿ ಬನಿಯನ್ನಿನ ಕಥೆ ಹೇಳಿ ನಗಿಸುತ್ತಿದ್ದರು.

ಈಗ ಪುಸ್ತಕ ಸ್ವಾಗತಕಾರಿಣಿಯ ತೊಡೆಯ ಮೇಲಿತ್ತು. ಮೂವತ್ತನಾಲ್ಕನೆಯ ಪುಟ, ಸುತ್ತೋಲೆ ಸಂಖ್ಯೆ 17. ಇಪ್ಪತ್ತೆರಡು ಮಂದಿ ಶಿಕ್ಷಕರ ಸಹಿ. ಸ್ವಾಗತಕಾರಿಣಿಯ ಹೆಸರೇ ಇಲ್ಲ. ಸಾಲುಗಳೆಲ್ಲ ಮುಗಿದ ಮೇಲೆ, ಪುಟದ ಅಂಚಿನಲ್ಲಿ ಕಿಷ್ಕಿಂಧೆಯಂಥ ಜಾಗದಲ್ಲಿ, ಹಸಿರು ಶಾಯಿಯ ಒಂದು ವಾಕ್ಯ ತುರುಕಿತ್ತು: "ಮುಂಭಾಗದ ಕಚೇರಿಗೆ 14-7-98ರಂದು ಖುದ್ದಾಗಿ ಬಾಯಿಮಾತಿನಲ್ಲಿ ತಿಳಿಸಿದ್ದೇನೆ." ಕೆಳಗೆ ಮೊಟಕು ಸಹಿ.

ಜುಲೈ 14, ಮಂಗಳವಾರ. ಸ್ವಾಗತಕಾರಿಣಿ ಆ ದಿನಾಂಕವನ್ನು ಮರೆಯುವಂತಿರಲಿಲ್ಲ. ಆರು ವರ್ಷದ ಮಗಳ ಗಂಟಲಿನ ಶಸ್ತ್ರಚಿಕಿತ್ಸೆ. ಹದಿಮೂರು, ಹದಿನಾಲ್ಕು, ಹದಿನೈದು ಮೂರು ದಿನ ರಜೆ. ಮಂಜೂರು ಮಾಡಿದ್ದು ಅದೇ ಹಸಿರು ಶಾಯಿ. ಪಕ್ಕದ ಕಪಾಟಿನಿಂದ ಆ ವರ್ಷದ ಸಿಬ್ಬಂದಿ ಹಾಜರಿ ಪುಸ್ತಕ ಎಳೆದರು. ಏಳನೆಯ ಪುಟ. ಮೂರು ಚೌಕಗಳಲ್ಲಿ ಮೂರು "ರಜೆ".

ಬಾಗಿಲಲ್ಲಿ ಹಿರಿಯ ಜವಾನ ಟೀ ಹಿಡಿದು ನಿಂತಿದ್ದ. ಅಂದು ಗಾಡಿಯಲ್ಲಿ ಹೋದವನು ಅವನೇ.

"ಏನಕ್ಕಾ, ಹಾವು ಸಿಕ್ತಾ ಬೀರೂಲಿ? ಮುಖ ಹಾಗಿದೆ."

"ಹಾವೇ ಸಿಕ್ತು. ಇಪ್ಪತ್ತು ವರ್ಷದಿಂದ ಸುರುಳಿ ಸುತ್ತಿಕೊಂಡು ಇಲ್ಲೇ ಮಲಗಿತ್ತು. ಓದು."

ಜವಾನ ಕನ್ನಡಕ ಹಣೆಗೇರಿಸಿ, ಪುಸ್ತಕ ಮೂಗಿಗೆ ತಾಗಿಸಿಕೊಂಡು ಓದಿದ. "ಅಯ್ಯೋ ಪುಣ್ಯಾತ್ಮ! ನೀವಿರಲೇ ಇಲ್ವಲ್ಲಕ್ಕಾ ಅವತ್ತು. ಖುರ್ಚೀಗೆ ಹೇಳಿದ್ರಾ ಇವರು?"

ಸಂಜೆ ಮನೆಯಲ್ಲಿ ಗಂಡನ ಮುಂದೆ ವಿಷಯ ಇಟ್ಟರು. ಗಡಿಯಾರ ರಿಪೇರಿಯ ಆತ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಕೇಳಿಸಿಕೊಂಡರು.

"ಈ ಸಿಟ್ಟಿಗೆ ದಿನಾ ಕೀ ಕೊಡ್ತಾನೇ ಬಂದಿದ್ದೀಯ. ಸ್ಪ್ರಿಂಗು ಇನ್ನೂ ಮುರಿದಿಲ್ಲ ಅಂದ್ರೆ ಅದು ಹಳೇ ಕಾಲದ ಮಾಲು."

"ತಮಾಷೆ ಬೇಡ ರೀ. ಅಸಡ್ಡೆಯಿಂದ ಆದದ್ದು ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಸುಳ್ಳು ಬರೆದಿದ್ದಾರೆ! ಕೂತು, ಪೆನ್ನು ತಗೊಂಡು, ಸುಳ್ಳು ಬರೆದು, ಆಮೇಲೆ ಪುಸ್ತಕ ಬಚ್ಚಿಟ್ಟಿದ್ದಾರೆ. ನನ್ನ ತಲೆ ಮೇಲೆ ಗೂಬೆ ಕೂರಿಸಿ, ಆ ಗೂಬೇನ ತೋರಿಸಿ ಊರನ್ನೆಲ್ಲ ನಗಿಸಿದ್ದಾರೆ."

"ನಿನಗೇನು ಬೇಕು ಈಗ?"

"ಆ ಮೆಮೊ ಹೋಗಬೇಕು. ನನ್ನ ಸೇವಾ ಪುಸ್ತಕದಲ್ಲಿ ಅದು ಇರೋವರೆಗೆ ನಾನು ನಿವೃತ್ತಳಾಗಲ್ಲ."

"ಮೂವತ್ತೊಂದಕ್ಕೆ ಆಗೇ ಆಗ್ತೀಯಲ್ಲೇ."

"ಕಾಗದದ ಮೇಲೆ," ಎಂದರು ಅವರು.

ಮರುದಿನ ಈಗಿನ ಮುಖ್ಯೋಪಾಧ್ಯಾಯರಿಗೆ ಮನವಿ ಕೊಟ್ಟರು. ನಲವತ್ತೆರಡರ ಆ ಮೃದು ಮನುಷ್ಯ ಪುಟವನ್ನು ನೋಡಿ, ಬಿಸಿ ಪಾತ್ರೆ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು. "ಮೇಡಂ, ನೀವು ನನಗೆ ತಾಯಿ ಸಮಾನ. ಆದರೆ ಅವರು ಕಾರ್ಯದರ್ಶಿಗಳು. ಶುಕ್ರವಾರ ಬೀಳ್ಕೊಡುಗೆ ಇಟ್ಕೊಂಡು ಈಗ ಯಾಕೆ ಇದೆಲ್ಲ?"

"ತಾಯಿ ಸಮಾನ ಅಂದ್ರೆ ತಾಯಿ ಮಾತು ಕೇಳಿ ಸರ್. ಕಾಗದ ಮೇಲಕ್ಕೆ ಕಳಿಸಿ."

ಕಳಿಸಿದರು. ಬುಧವಾರ ಮಧ್ಯಾಹ್ನ ಕಾರ್ಯದರ್ಶಿಗಳ ಫೋನು ಮುಂಬಾಗಿಲ ಮೇಜಿಗೇ ಬಂತು.

"ಏನಮ್ಮಾ, ಹೋಗೋ ಕಾಲಕ್ಕೆ ನನ್ನ ಮೇಲೆ ಯುದ್ಧವಾ? ಅದು ತಮಾಷೆಯ ವಿಷಯ. ನಾನು ಪ್ರೀತಿಯಿಂದ ಹೇಳೋದು."

"ಹದಿನಾಲ್ಕನೇ ತಾರೀಖು ನಾನು ಆಸ್ಪತ್ರೇಲಿದ್ದೆ ಸರ್. ನೀವು ಯಾರಿಗೆ ಹೇಳಿದ್ರಿ?"

"ತಾರೀಖು ಆಚೀಚೆ ಆಗಿರಬಹುದು. ಅಷ್ಟು ಹಳೇ ಪುಸ್ತಕ, ಗೆದ್ದಲು ತಿಂದಿರುತ್ತೆ. ಬಿಸಾಕಿ ಅತ್ಲಾಗೆ." ಫೋನು ಇಟ್ಟರು.

ಬಿಸಾಕಿ! ಸ್ವಾಗತಕಾರಿಣಿ ಆ ಮಾತನ್ನು ಹಲ್ಲಿನ ನಡುವೆ ಇಟ್ಟು ಅಗಿದರು. ಆಗ ಅವರಿಗೆ ಒಂದು ದಾರಿ ಹೊಳೆಯಿತು.

ಪ್ರಭಾರ ಪಟ್ಟಿಯ ಕಟ್ಟಳೆಗಳನ್ನು 1995ರಲ್ಲಿ ಬರೆದವರೂ ಇದೇ ಮಹಾನುಭಾವರು. ಪ್ರತಿ ಪುಟಕ್ಕೂ ಕೊಡುವವರ ಸಹಿ, ಪಡೆಯುವವರ ಸಹಿ, ಕಾರ್ಯದರ್ಶಿಗಳ ಮೇಲುಸಹಿ. ಯಾವ ಸಾಲನ್ನೂ ಕೊಡುವವರ ಒಪ್ಪಿಗೆಯಿಲ್ಲದೆ ಹೊಡೆದುಹಾಕುವಂತಿಲ್ಲ. ಪ್ರತಿ ವಸ್ತುವನ್ನೂ "ಅದರ ಸ್ಥಿತಿ ಸಮೇತ" ವರ್ಣಿಸತಕ್ಕದ್ದು. ಒಂದು ಪ್ರತಿ ನಿವೃತ್ತಿಯ ಕಡತದ ಜೊತೆ ಶಿಕ್ಷಣ ಕಚೇರಿಗೆ ಹೋಗತಕ್ಕದ್ದು.

ಗುರುವಾರ ಇಡೀ ದಿನ ಪಟ್ಟಿ ಬರೆದರು. ಒಟ್ಟು 214 ಬಾಬತ್ತು, ಏಳು ಪುಟ. ಗಂಟೆ ಒಂದು, ಸುಸ್ಥಿತಿ. ಕೊಡೆ ಇಡುವ ಡಬ್ಬ ಒಂದು, ತಳ ತುಕ್ಕು. ಮೂರನೆಯ ಪುಟದಲ್ಲಿ ಎಂಬತ್ತೇಳನೆಯದು ಹೀಗಿತ್ತು:

"87. ಸುತ್ತೋಲೆ ಪುಸ್ತಕ, 1998–99, ಒಂದು. ರಟ್ಟು ಕಿತ್ತಿದೆ, ಗೆದ್ದಲು ತಿಂದಿಲ್ಲ. ಪುಟ 34ರಲ್ಲಿ ಸುತ್ತೋಲೆ 17ಕ್ಕೆ ಮುಂಭಾಗದ ಕಚೇರಿಯ ಸಹಿ ಇಲ್ಲ. ಅಂಚಿನಲ್ಲಿ ಹಸಿರು ಶಾಯಿಯಲ್ಲಿ, ಸದರಿ ಕಚೇರಿಗೆ 14-7-98ರಂದು ಬಾಯಿಮಾತಿನಲ್ಲಿ ತಿಳಿಸಿದ್ದಾಗಿ ಬರೆದಿದೆ. ಸದರಿ ದಿನ ಸದರಿ ಕಚೇರಿಯ ಸಿಬ್ಬಂದಿ ಮಂಜೂರಾದ ರಜೆಯಲ್ಲಿದ್ದರು (ನೋಡಿ: ಬಾಬತ್ತು 61, ಹಾಜರಿ ಪುಸ್ತಕ, ಪುಟ 7)."

ಕೆಲಸ ಕಲಿಯಲು ಬಂದಿದ್ದ ಹೊಸಬಳು, ಇಪ್ಪತ್ತಾರರ ಹುಡುಗಿ, ಓದಿ ಬಾಯಿಗೆ ಕೈಯಿಟ್ಟಳು. "ಮೇಡಂ, ಇದಕ್ಕೆ ನಾನು ಸಹಿ ಹಾಕಿದ್ರೆ ನನ್ನ ಗತಿ?"

"ಪುಸ್ತಕ ಇದೆ ಅಂತ ಸಹಿ ಹಾಕು, ಸಾಕು. ಇದೆಯೋ ಇಲ್ಲವೋ?"

"ಇದೆ."

"ಹಾಕು ಮತ್ತೆ."

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಸಿಬ್ಬಂದಿಯ ಕೋಣೆಯಲ್ಲಿ ಬೀಳ್ಕೊಡುಗೆ. ಒಂದು ಗೋಡೆ ಗಡಿಯಾರ ಕೊಟ್ಟರು. ಮೂಲೆಯಲ್ಲಿ ಕೂತಿದ್ದ ಗಂಡ ಅದನ್ನು ನೋಡಿ, "ಮೂರು ತಿಂಗಳಿಗೆ ನನ್ನ ಅಂಗಡಿಗೇ ಬರುತ್ತೆ" ಎಂದು ಜವಾನನ ಕಿವಿಯಲ್ಲಿ ಉಸುರಿದರು. ಕಾರ್ಯದರ್ಶಿಗಳು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಗೊತ್ತಿದ್ದ ಮುಗುಳ್ನಗೆ ನಕ್ಕರು.

"ನಮ್ಮ ಚೀಟಿ ಮೇಡಂನ ಸಾಮಾನ್ಯದವರು ಅಂದ್ಕೋಬೇಡಿ. ಬದುಕಿದ್ದ ಮನುಷ್ಯನನ್ನ ಒಂದು ಚೀಟೀಲಿ ಸಾಯಿಸಿದವರು! ಆ ಲಾರಿ ಡ್ರೈವರು ಪಾಪ, ಬನಿಯನ್ನಲ್ಲಿ ಬಾಗಿಲು ತೆಗೆದ್ರೆ..."

ಕೆಲವರು ನಗಲು ಶುರುಮಾಡಿದ್ದರು. ಸ್ವಾಗತಕಾರಿಣಿ ಕುರ್ಚಿಯಿಂದ ಎದ್ದರು.

"ಸರ್, ಇದು ಅರ್ಧ ಕಥೆ. ಇನ್ನರ್ಧ ನಾನು ಹೇಳ್ತೀನಿ, ಕೂತ್ಕೊಳ್ಳಿ."

ಕಾರ್ಯದರ್ಶಿಗಳು ಕೂರಲಿಲ್ಲ, ಕೂರುವುದೋ ನಿಲ್ಲುವುದೋ ತಿಳಿಯದೆ ಮೇಜು ಹಿಡಿದುಕೊಂಡರು. ಸ್ವಾಗತಕಾರಿಣಿ ಹೇಳಿದರು: ಹನ್ನೆರಡೂ ಮುಕ್ಕಾಲು, ಎರಡೂವರೆ, ಮೂರೂ ಐವತ್ತು. ಒಂದೊಂದೂ ಗಂಟೆ ನಿಮಿಷ ಸಮೇತ. ಹೂಜಿ, ಹತ್ತಕ್ಕೆ ಒಂಬತ್ತು. ಕೊಡೆ. ದನಿ ಏರಿಸಲಿಲ್ಲ.

"ಇಪ್ಪತ್ತು ವರ್ಷ ನೀವೆಲ್ಲ ನಕ್ಕಿದ್ದು ಬದುಕಿದ್ದ ಅಪ್ಪನ ಕಥೆಗೆ. ಸತ್ತ ಅಪ್ಪನ ಮಗ ಮೂರು ಗಂಟೆ ಹೊತ್ತು ಮೇಲಿನ ಕೋಣೇಲಿ ಕೂತಿದ್ದ. ನಾನು ಹೆಸರು ಕೇಳಲಿಲ್ಲ, ಅದು ನನ್ನ ತಪ್ಪು. ಹೋಗಿ ಅಂದ ತಕ್ಷಣ ಹೋದೆ, ಅದು ಇನ್ನೂ ದೊಡ್ಡ ತಪ್ಪು. ಹೋಗಿ ಅಂದವರು ಯಾರು ಅಂತ ಅವರೇ ಹೇಳಲಿ."

"ಇದೇನು ಕೋರ್ಟೇನ್ರೀ?" ಕಾರ್ಯದರ್ಶಿಗಳ ಮುಖ ಕೆಂಪೇರಿತ್ತು. "ಯಾರಿದ್ದಾರೆ ಇದಕ್ಕೆಲ್ಲ ಸಾಕ್ಷಿ?"

ಹಿಂದಿನಿಂದ ಜವಾನ ಕೈಯೆತ್ತಿದ. "ನಾನಿದ್ದೀನಿ ಸ್ವಾಮಿ. ಎರಡು ಸಲಾನೂ ಹೋದವನು ನಾನೇ. ಮೊದಲನೇ ಮನೆ ಕಥೆ ನನ್ನ ಹತ್ರ ನೂರು ಸಲ ಕೇಳಿದ್ದೀರಿ. ಎರಡನೇ ಮನೇದು ಒಂದು ಸಲಾನೂ ಕೇಳಲಿಲ್ಲ."

ಸ್ವಾಗತಕಾರಿಣಿ ಪಟ್ಟಿಯನ್ನು ಕಾರ್ಯದರ್ಶಿಗಳ ಮುಂದೆ ಇಟ್ಟು, ಮೂರನೆಯ ಪುಟ ಮಗುಚಿ, ಎಂಬತ್ತೇಳರ ಮೇಲೆ ಬೆರಳಿಟ್ಟರು. ಆತ ಓದಿದರು. ಓದುತ್ತ ಓದುತ್ತ ಕಿವಿಯ ತುದಿಯೂ ಕೆಂಪಾಯಿತು. "ಈ ಸಾಲು ಹೊಡೆದುಹಾಕಿ. ಉಳಿದದ್ದಕ್ಕೆ ಸಹಿ ಮಾಡ್ತೀನಿ. ಇಲ್ಲದಿದ್ರೆ ನಿಮ್ಮ ಕಡತ ಈ ಮೇಜಿನಿಂದ ಏಳಲ್ಲ, ನೆನಪಿರಲಿ."

"ಕೊಡುವವರ ಒಪ್ಪಿಗೆ ಇಲ್ಲದೆ ಹೊಡೆಯೋ ಹಾಗಿಲ್ಲ ಸರ್. ನಿಮ್ಮದೇ ಕಟ್ಟಳೆ. ನನ್ನ ಒಪ್ಪಿಗೆ ಇಲ್ಲ."

ಉಳಿದ ಆರು ಪುಟಗಳಿಗೆ ಕಾರ್ಯದರ್ಶಿಗಳು ಗೀಚಿದರು. ಮೂರನೆಯದನ್ನು ಬಿಟ್ಟು, ಪೆನ್ನು ಜೇಬಿಗಿಟ್ಟು, ಯಾರ ಮುಖವನ್ನೂ ನೋಡದೆ ಹೊರಟುಹೋದರು. ಸ್ವಾಗತಕಾರಿಣಿ ಅಲ್ಲೇ ನಿಂತು ಆ ಪುಟದ ಕೆಳಗೆ ಬರೆದರು: "ಈ ಪುಟಕ್ಕೆ ಮೇಲುಸಹಿ ಮಾಡಲು ಕಾರ್ಯದರ್ಶಿಗಳು ನಿರಾಕರಿಸಿದರು. 29-3-2019, ಸಂಜೆ 4 ಗಂಟೆ 10 ನಿಮಿಷ." ಜವಾನ ಸಾಕ್ಷಿ ಹಾಕಿದ. ಹೊಸಬಳು ಒಂದು ಗಳಿಗೆ ತಡೆದು ತಾನೂ ಹಾಕಿದಳು. ಈಗಿನ ಮುಖ್ಯೋಪಾಧ್ಯಾಯರು ಕಿಟಕಿಯ ಹೊರಗೆ ನೋಡುತ್ತಿದ್ದರು.

"ಸರ್, ಶಿಕ್ಷಣ ಕಚೇರಿಗೆ ಕಳಿಸೋದು ನಿಮ್ಮ ಕೆಲಸ," ಎಂದರು ಸ್ವಾಗತಕಾರಿಣಿ. "ಬೇಡ ಅಂತ ಬರೆದುಕೊಡಿ, ಅದನ್ನೂ ಲಗತ್ತಿಸ್ತೀನಿ."

ಮುಖ್ಯೋಪಾಧ್ಯಾಯರು ಮುದ್ರೆ ತರಿಸಿ ಒತ್ತಿದರು.

ಬೀಗದ ಕೈಗಳನ್ನು ಹೊಸಬಳ ಕೈಗಿತ್ತು, ಗಡಿಯಾರವನ್ನು ಗಂಡನ ಕೈಗಿತ್ತು, ಅವರು ನಾಲ್ಕೂವರೆಗೆ ಮುಂಬಾಗಿಲಿನಿಂದ ಹೊರಬಿದ್ದರು. ಗೇಟಿನ ಬಳಿ ಗಂಡ ಕೇಳಿದರು: "ಈಗಲಾದ್ರೂ ಇಳೀತಾ ಸಿಟ್ಟು?"

"ಇಲ್ಲ," ಎಂದರು ಅವರು.

ಆಮೇಲೆ ನಡೆದದ್ದು ಇಷ್ಟು. ಶಿಕ್ಷಣ ಕಚೇರಿ ಕಡತವನ್ನು ಏಪ್ರಿಲ್ 22ರಂದೂ ಜೂನ್ 17ರಂದೂ ಹಿಂದಿರುಗಿಸಿ, ಮೂರನೆಯ ಪುಟಕ್ಕೆ ಮೇಲುಸಹಿ ಏಕಿಲ್ಲವೆಂದು ವಿವರಣೆ ಕೇಳಿತು. ಕಾರ್ಯದರ್ಶಿಗಳು ಎರಡು ಸಲವೂ ಉತ್ತರ ಕೊಡಲಿಲ್ಲ. ಸೆಪ್ಟೆಂಬರ್ 9ರಂದು ಅಧಿಕಾರಿಯೊಬ್ಬರು ಬಂದು ಎರಡೂ ಪುಸ್ತಕಗಳನ್ನು ತೆಗೆಸಿ ನೋಡಿದರು. 2019ರ ನವೆಂಬರ್ 11, ಸೋಮವಾರ, ಆಡಳಿತ ಮಂಡಳಿ 1998ರ ಮೆಮೊವನ್ನು ರದ್ದುಪಡಿಸಿತು. ನಿರ್ಣಯದಲ್ಲಿ ಕಾರಣ ನಮೂದಾಗಲಿಲ್ಲ. ಕಾರ್ಯದರ್ಶಿಗಳು ಅವಧಿ ಮುಗಿಯುವವರೆಗೆ ಅದೇ ಸ್ಥಾನದಲ್ಲಿದ್ದರು. ಬನಿಯನ್ನಿನ ಕಥೆಯನ್ನು ಮತ್ತೆ ಹೇಳಿದ್ದನ್ನು ಯಾರೂ ಕೇಳಿಲ್ಲ. ಹೊಸಬಳು ಚೀಟಿ ಬರೆಯುವ ಮುಂಚೆ ಮೂರು ಪ್ರಶ್ನೆ ಕೇಳುತ್ತಾಳೆ. ಗೋಡೆ ಗಡಿಯಾರ ಜುಲೈಯಲ್ಲಿ ನಿಂತಿತು. ಗಂಡ ರಿಪೇರಿ ಮಾಡಿದರು.

ನವೆಂಬರ್ 14ರಂದು ಸ್ವಾಗತಕಾರಿಣಿ, ಹೂಜಿ ಬರೆದಿದ್ದ ಹುಡುಗನಿಗೆ, ಅಂದರೆ ಆ ಹೊತ್ತಿಗೆ ಮೂವತ್ತಮೂರು ವಯಸ್ಸಾಗಿದ್ದ ಗೃಹಸ್ಥನಿಗೆ, ರಿಜಿಸ್ಟರ್ ಅಂಚೆಯಲ್ಲಿ ಒಂದು ಪತ್ರ ಬರೆದರು. ಅಂದು ಹನ್ನೆರಡೂ ಮುಕ್ಕಾಲರಿಂದ ಮೂರೂ ಐವತ್ತರವರೆಗೆ ತಾವು ಏನು ಮಾಡಿದರು, ಏನು ಮಾಡಲಿಲ್ಲ ಎಂಬುದನ್ನು ಅದರಲ್ಲಿ ಬರೆದಿದ್ದರು. ಉತ್ತರ ಬರಲಿಲ್ಲ. ನವೆಂಬರ್ 21ರಂದು ಸ್ವೀಕೃತಿಯ ಕಾರ್ಡು ಮಾತ್ರ ಹಿಂದಿರುಗಿತು. ಸಹಿಯ ಜಾಗದಲ್ಲಿ ಆತ ತನ್ನ ಹೆಸರನ್ನೂ ತಂದೆಯ ಹೆಸರನ್ನೂ ಪೂರ್ತಿಯಾಗಿ, ಬಿಡಿಬಿಡಿಯಾಗಿ ಬರೆದಿದ್ದ.